ಒರೆಸಬಾರದ ಗೆರೆ

ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದ ಪರ್ಪೆಚುವಾ ಅದನ್ನು ಮತ್ತೆ ಮುಚ್ಚುವುದನ್ನೇ ಮರೆತು ನಿಂತುಬಿಟ್ಟಳು.

ಹೊರಗಿನಿಂದ ಅದೊಂದು ಸಾದಾ ಮರದ ಡಬ್ಬಿ. ಅಂಚು ಸವೆದಿತ್ತು, ಹಿಡಿಕೆ ಸಡಿಲವಾಗಿತ್ತು. ಮುಚ್ಚಳದ ಒಳಮೈಯಲ್ಲಿ ಮಾತ್ರ, ಹಿಟ್ಟಿನ ಕಡೆಗೆ ಮುಖ ಮಾಡಿಕೊಂಡು, ಒಂದು ಬಳ್ಳಿ ಸುರುಳಿ ಸುರುಳಿಯಾಗಿ ಹಬ್ಬಿತ್ತು. ಇಟ್ಟಿಗೆ ಕೆಂಪು, ಸಾಸಿವೆ ಹಳದಿ, ಮೋಡ ಕವಿದ ಸಂಜೆಯ ನೀಲಿ. ಒಂದೊಂದು ಸುರುಳಿಯೂ ತೆಳ್ಳಗೆ ಶುರುವಾಗಿ, ನಡುವೆ ಹೊಟ್ಟೆ ತುಂಬಿಕೊಂಡು, ಕೊನೆಗೆ ಕೂದಲೆಳೆಯಷ್ಟಾಗಿ ಮುಗಿಯುತ್ತಿತ್ತು. ಮಧ್ಯದಲ್ಲಿ ಅವಳು ಯಾವ ತೋಟದಲ್ಲೂ ಕಂಡಿರದ ಒಂದು ಹೂವು.

"ಇಷ್ಟು ಚೆಂದದ್ದನ್ನ ಒಳಗಡೆ ಯಾಕೆ ಬರೆದ್ರಿ?" ಎಂದು ಕೇಳಿದಳು.

ಅಡುಗೆಮನೆಯ ಕುರ್ಚಿಯಲ್ಲಿ ಕೂತಿದ್ದ ಟೋರುನ್ ತಲೆ ಎತ್ತಿದರು. "ಹೊರಗಡೆ ಬರೆದದ್ದೆಲ್ಲ ಮನೆಗೆ ಬಂದವರು ನೋಡಲಿ ಅಂತ. ಆ ಡಬ್ಬಿಯನ್ನು ದಿನಕ್ಕೆ ಎರಡು ಸಲ ತೆಗೆಯುತ್ತಿದ್ದವಳು ನಾನೊಬ್ಬಳೇ. ಅದು ನನಗೆ."

ಟೋರುನ್‌ಗೆ ಆಗ ಎಂಬತ್ತನಾಲ್ಕು. ಮದುವೆಯಾದ ಹೊಸದರಲ್ಲಿ ನಾರ್ವೆಯ ತೆಲೆಮಾರ್ಕ್ ಎಂಬ ಸೀಮೆಯಿಂದ ಗಂಡನ ಜತೆ ಹಡಗು ಹತ್ತಿ ಆಸ್ಟ್ರೇಲಿಯಾಕ್ಕೆ ಬಂದವರು. ಗಂಡ ಮರಗೆಲಸದವನು, ಪರ್ತ್‌ನ ಅಂಚಿನ ಸ್ವಾನ್ ವ್ಯಾಲಿಯಲ್ಲಿ ದ್ರಾಕ್ಷಿ ತೋಟದವರಿಗೆಲ್ಲ ಪೀಪಾಯಿ ಕಟ್ಟಿಕೊಟ್ಟು, ತೋಟಗಳ ನಡುವೆಯೇ ಒಂದು ಮನೆ ಮಾಡಿದ್ದ. ಅವನು ಹೋಗಿ ಎಂಟು ವರ್ಷವಾಗಿತ್ತು. ರಸ್ತೆಯಿಂದ ನೋಡಿದರೆ ಎಲ್ಲರ ಮನೆಯ ಹಾಗೆ ಅದೂ ಒಂದು ಇಟ್ಟಿಗೆ ಮನೆ. ಒಳಗೆ ಕಾಲಿಟ್ಟರೆ ಬಾಗಿಲು, ಬೀರು, ಬ್ರೆಡ್ಡಿನ ಪೆಟ್ಟಿಗೆ, ತೊಟ್ಟಿಲು, ಕುರ್ಚಿಯ ಬೆನ್ನು, ಎಲ್ಲದರ ಮೇಲೂ ಅದೇ ಸುರುಳಿ ಬಳ್ಳಿಗಳು. ಅವರ ಕಡೆ ಅದಕ್ಕೆ ರೋಸೆಮಾಲಿಂಗ್ ಎನ್ನುತ್ತಾರಂತೆ.

ವೃದ್ಧರ ಮನೆಗಳಿಗೆ ಸಹಾಯಕ್ಕೆ ಜನ ಕಳಿಸುವ ಏಜೆನ್ಸಿಯೊಂದರಿಂದ ಪರ್ಪೆಚುವಾ ಆ ಮನೆಗೆ ಬಂದಿದ್ದಳು. ಮಂಗಳವಾರ ಮತ್ತು ಶುಕ್ರವಾರ ನಾಲ್ಕು ನಾಲ್ಕು ಗಂಟೆ. ಸ್ನಾನ ಮಾಡಿಸುವುದು, ಬಟ್ಟೆ, ನೆಲ, ಎರಡು ದಿನಕ್ಕಾಗುವಷ್ಟು ಅಡುಗೆ. ಏಜೆನ್ಸಿಯ ಕಾರ್ಡಿನಲ್ಲಿ ಅವಳ ಹೆಸರು 'ಪೆಟ್'. ಹೋದ ಮನೆಗಳಲ್ಲೆಲ್ಲ ಪೆಟ್ ಎಂದೇ ಕರೆಯುತ್ತಿದ್ದರು. ಟೋರುನ್ ಮಾತ್ರ ಮೊದಲ ದಿನವೇ ಕಾರ್ಡನ್ನು ಮೂಗಿನ ಹತ್ತಿರ ಹಿಡಿದು, "ಇದು ನಾಯಿಮರಿಯ ಹೆಸರು. ನಿನ್ನದು ಹೇಳು," ಎಂದಿದ್ದರು.

ಎಲ್ಲರನ್ನೂ ಬೆರಗಾಗಿಸಬೇಕಾದ ಆ ಮನೆಯನ್ನು ಮೊದಲ ಸಲ ನೋಡಿದಾಗ ಪರ್ಪೆಚುವಾಗೆ ಹೊಳೆದದ್ದು ಒಂದೇ: ಇಷ್ಟೊಂದು ಕೆತ್ತನೆ, ಇಷ್ಟೊಂದು ಮೂಲೆ, ಇದರ ಧೂಳು ಹೊಡೆಯುವುದು ಯಾರು? ಹಿಟ್ಟಿನ ಡಬ್ಬಿ ತೆಗೆದ ಮೇಲೆ ಆ ಪ್ರಶ್ನೆ ಬದಲಾಯಿತು. ಇದೇ ಧೂಳು ಹೊಡೆದು, ಇದೇ ಒಲೆಯ ಮುಂದೆ ನಿಂತು, ನಾಲ್ಕು ಮಕ್ಕಳ ಬಟ್ಟೆ ಒಗೆದು, ಈ ಹೆಂಗಸು ಇದನ್ನೆಲ್ಲ ಯಾವಾಗ ಬರೆದಳು?

ಪರ್ಪೆಚುವಾ ಹುಟ್ಟಿದ್ದು ಕಿನ್ನಿಗೋಳಿಯಲ್ಲಿ, ಏಳು ಮಕ್ಕಳಲ್ಲಿ ಮೊದಲನೆಯವಳಾಗಿ. ಮೊದಲನೆಯವಳು ಎಂದರೆ ಅರ್ಧ ತಾಯಿ. ಇಪ್ಪತ್ಮೂರಕ್ಕೆ ಇಗ್ನೇಶಿಯಸ್‌ನ ಜತೆ ಮದುವೆ. ಅವನ ಮನೆಯವರೂ ಮಂಗಳೂರಿನವರೇ, ಆದರೆ ಅವನು ಬೆಳೆದದ್ದು ಬೆಂಗಳೂರಿನಲ್ಲಿ. ಹಾಗಾಗಿ ಅವರ ಮನೆಯಲ್ಲಿ ಕೊಂಕಣಿಗಿಂತ ಕನ್ನಡವೇ ಹೆಚ್ಚು. ಮದುವೆಯಾದ ಮೂರನೆಯ ತಿಂಗಳಿಗೆ ಕುವೈತ್. ಅಲ್ಲಿ ಇಗ್ನೇಶಿಯಸ್ ತೈಲ ಕಂಪನಿಯ ಕ್ಯಾಂಪಿನಲ್ಲಿ ದೊಡ್ಡ ಅಡುಗೆಯವನು. ಮುನ್ನೂರು ಜನಕ್ಕೆ ಮೂರು ಹೊತ್ತು ಬೇಯಿಸುತ್ತಿದ್ದ. ರಜೆಗೆ ಮನೆಗೆ ಬಂದರೆ ನೀರಿನ ಲೋಟವೂ ಅವನ ಕೈಗೇ ಬರಬೇಕು. "ಮನೇಲೂ ಅದೇ ಕೆಲಸಾನಾ ಪರ್ಪೆ?" ಎನ್ನುತ್ತಿದ್ದ. ಪರ್ಪೆಚುವಾಗೆ ಮನೆಯಲ್ಲೂ ಅದೇ, ಹೊರಗೂ ಅದೇ. ಹನ್ನೊಂದು ವರ್ಷದ ಹಿಂದೆ ಪರ್ತ್‌ಗೆ ಬಂದು, ಪಿಯಾರಾ ವಾಟರ್ಸ್‌ನಲ್ಲಿ ಹೊಸ ಮನೆ ಕೊಂಡ ಮೇಲೆ, ಅವನು ವಾರಕ್ಕೆ ಮೂರು ದಿನ ಹತ್ತಿರದ ಪೆಟ್ರೋಲ್ ಬಂಕಿನ ಕೌಂಟರಿಗೆ ಕೂರುತ್ತಿದ್ದ, ಉಳಿದ ನಾಲ್ಕು ದಿನ ಸೋಫಾದಲ್ಲಿ. ಅವಳು ವಾರಕ್ಕೆ ಐದು ದಿನ ಬೇರೆಯವರ ಮನೆ ತೊಳೆದು, ಉಳಿದ ಹೊತ್ತಿನಲ್ಲಿ ತನ್ನದನ್ನು ತೊಳೆಯುತ್ತಿದ್ದಳು. ಇದು ಅವಳಿಗೆ ದುಃಖವೇನೂ ಆಗಿರಲಿಲ್ಲ. ಉಸಿರಾಟ ಯಾರಿಗಾದರೂ ದುಃಖವೇ?

ಎರಡು ವರ್ಷ ಹಾಗೇ ಕಳೆಯಿತು. ಈ ಸಲದ ಜೂನ್ ತಿಂಗಳ ಒಂದು ಶುಕ್ರವಾರ ಪರ್ಪೆಚುವಾ ಕೆಲಸ ಮುಗಿಸಿ ಏಪ್ರನ್ ಬಿಚ್ಚುತ್ತಿದ್ದಳು. ಹಿಂದಿನ ಕೋಣೆಯಲ್ಲಿ ಹಳೆಯ ಟೇಪ್ ರೆಕಾರ್ಡರ್ ಹಾಡುತ್ತಿತ್ತು. ಟೋರುನ್ ಬಣ್ಣ ಹಚ್ಚುವಾಗ ಅದು ಹಾಡಲೇಬೇಕು. ಅಕಾರ್ಡಿಯನ್, ಪಿಟೀಲು, ಕಾಲು ತಾನಾಗಿ ತಾಳ ಹಾಕುವಂಥ ಹಳೆಕಾಲದ ಕುಣಿತದ ಮಟ್ಟುಗಳು: ವಾಲ್ಟ್ಸ್, ಪೋಲ್ಕಾ, ಮಜುರ್ಕಾ. ಅವರ ಗಂಡ ಮತ್ತು ಅವನ ಗೆಳೆಯರು ತಮ್ಮ ಕ್ಲಬ್ಬಿನ ಹಾಲಿನಲ್ಲಿ ನುಡಿಸಿದ್ದನ್ನೇ ಯಾರೋ ಕ್ಯಾಸೆಟ್ಟಿಗೆ ಹಾಕಿಕೊಟ್ಟಿದ್ದರು. ನಡುನಡುವೆ ಜನ ನಗುವುದು, ಕುರ್ಚಿ ಎಳೆಯುವುದು ಕೂಡ ಕೇಳಿಸುತ್ತಿತ್ತು.

ಹಾಡು ನಡೆದೇ ಇತ್ತು, ಅದರ ಮೇಲೆ ಏನೋ ಬಿದ್ದು ಉರುಳಿದ ಸದ್ದು. ಓಡಿಹೋಗಿ ನೋಡಿದರೆ ಬ್ರಷ್ ನೆಲದ ಮೇಲಿತ್ತು. ಟೋರುನ್ ತಮ್ಮ ಬಲಗೈಯನ್ನು ಎಡಗೈಯಲ್ಲಿ ಅದುಮಿ ಹಿಡಿದುಕೊಂಡು ಕೂತಿದ್ದರು. ಆದರೂ ಅದು ನಡುಗುತ್ತಲೇ ಇತ್ತು.

ಎದುರಿಗೆ ದೊಡ್ಡದೊಂದು ಮರದ ಪೆಟ್ಟಿಗೆ, ಕಮಾನಿನ ಮುಚ್ಚಳದ್ದು. ಮದುವಣಗಿತ್ತಿಯ ಬಟ್ಟೆಬರೆ ತುಂಬಿ ಕಳಿಸುವಂಥದ್ದು. ಗಂಡ ಸಾಯುವ ಮೊದಲು ಮಾಡಿ ಮುಗಿಸಿದ ಕೊನೆಯ ವಸ್ತು ಅದು. ಹಸಿರು ಬೆರೆತ ನೀಲಿಯ ತಳಬಣ್ಣ ಬಳಿದು, ಹತ್ತು ವರ್ಷದಿಂದ ಟೋರುನ್ ಅದನ್ನು ನಾಳೆ ನಾಳೆ ಎಂದು ಮುಂದೂಡಿದ್ದರು. ನವೆಂಬರ್ ಮೊದಲ ಶನಿವಾರ ಅಡಿಲೇಡಿನಲ್ಲಿ ಎಲ್ಲ ಊರಿನ ನಾರ್ಡಿಕ್ ಕ್ಲಬ್ಬುಗಳವರು ಸೇರುತ್ತಾರೆ. ಈ ಸಲ ಪೆಟ್ಟಿಗೆಯನ್ನು ಅಲ್ಲಿಗೆ ಒಯ್ಯುವುದೆಂದು ಮಾತು ಕೊಟ್ಟಿದ್ದರು.

"ಕಣ್ಣು ಹೋಗುತ್ತಿದೆ ಅಂತ ಗೊತ್ತಿತ್ತು. ಕೈ ಮೊದಲು ಹೋಯಿತು," ಎಂದರು. ಅಳಲಿಲ್ಲ. 

ಪರ್ಪೆಚುವಾ ಬ್ರಷ್ ಎತ್ತಿಕೊಟ್ಟಳು. ಟೋರುನ್ ತಗೊಳ್ಳಲಿಲ್ಲ. "ಅದನ್ನು ನೀನೇ ಹಿಡಿ."

"ಅಯ್ಯೋ, ನನಗೇನು ಬರುತ್ತೆ ಆಂಟಿ?"

"ಹಿಡಿ ಅಂದೆ. ಒಂದು ಮಗ್ಗುಲಿಗೆ ಕೆಂಪು, ಇನ್ನೊಂದಕ್ಕೆ ಹಳದಿ ಅದ್ದು. ಈ ಹಲಗೆಯ ಚೂರಿನ ಮೇಲೆ. ಹಾಡು ಕೇಳುತ್ತಿದೆಯಾ? ಒಂದು ಅನ್ನುವಾಗ ಇಡು, ಎರಡಕ್ಕೆ ಒತ್ತು, ಮೂರಕ್ಕೆ ತಿರುಗಿಸಿ ಎತ್ತು. ನಡುವೆ ನಿಲ್ಲಬಾರದು. ಹಿಂದೆ ಬರಬಾರದು. ಒಂದು ಗೆರೆಗೆ ಒಂದೇ ಜನ್ಮ."

ಪರ್ಪೆಚುವಾ ವಾಲ್ಟ್ಸ್ ಅನ್ನು ಮೂರು ಸುತ್ತು ಕೇಳಿದಳು. ನಾಲ್ಕನೆಯದಕ್ಕೆ ಬ್ರಷ್ ಇಟ್ಟಳು. ಒತ್ತಿದಳು. ಎತ್ತಿದಳು.

ಹಲಗೆಯ ಮೇಲೆ ಒಂದು ಸುರುಳಿ ಬಿದ್ದಿತ್ತು. ಕೆಂಪು ಹಳದಿಯೊಳಗೆ, ಹಳದಿ ಕೆಂಪಿನೊಳಗೆ ಕರಗಿ, ಹೊಟ್ಟೆ ತುಂಬಿಕೊಂಡು, ತುದಿಯಲ್ಲಿ ಕೂದಲೆಳೆಯಾಗಿತ್ತು. ಅದನ್ನು ತಾನೇ ಎಳೆದದ್ದೆಂದು ಅವಳಿಗೆ ನಂಬಿಕೆ ಬರಲಿಲ್ಲ. ಕೋಣೆಯಲ್ಲಿ ಇನ್ಯಾರಾದರೂ ಇದ್ದಾರೋ ಎಂಬಂತೆ ತಿರುಗಿ ನೋಡಿದಳು.

ಟೋರುನ್ ಹಲಗೆಯನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ತಂದು ಬಹಳ ಹೊತ್ತು ನೋಡಿದರು. "ಇದನ್ನು ಎಲ್ಲಿ ಕಲಿತೆ?"

"ಎಲ್ಲೂ ಇಲ್ಲ."

"ಸುಳ್ಳು. ಈ ಹೆಬ್ಬೆರಳಿಗೆ ಯಾರೋ ಕಲಿಸಿದ್ದಾರೆ."

ಪರ್ಪೆಚುವಾ ತನ್ನ ಹೆಬ್ಬೆರಳು ನೋಡಿಕೊಂಡಳು. ಆಗ ನೆನಪಾಯಿತು. ಏಳು ವರ್ಷದವಳಿಂದ ಹಿಡಿದು ಪ್ರತಿ ಕ್ರಿಸ್ಮಸ್‌ಗೆ ನೆಲದ ಮೇಲೆ ಕಾಲು ಚಾಚಿ ಕೂತು, ಹೊಸ ಬಾಚಣಿಗೆಯ ಹಲ್ಲುಗಳ ಮೇಲೆ ಹಿಟ್ಟಿನ ಉಂಡೆ ಇಟ್ಟು, ಹೆಬ್ಬೆರಳಿನಿಂದ ಒತ್ತಿ ಎಳೆದು ಸುರುಳಿ ಮಾಡುತ್ತಿದ್ದ ಕಿಡಿಯೊ. ಕರಿದು ಸಕ್ಕರೆ ಪಾಕದಲ್ಲಿ ಹೊರಳಿಸಿ ಊರಿಗೆಲ್ಲ ಹಂಚುವ ಆ ತಿಂಡಿಯನ್ನು ಐವತ್ತು ವರ್ಷದಲ್ಲಿ ಎಷ್ಟು ಲಕ್ಷ ಒತ್ತಿರಬಹುದು? ಒಂದೂ ಉಳಿದಿಲ್ಲ. ಎಲ್ಲ ತಿಂದು ಮುಗಿಸುವಂಥದ್ದೇ. ಅವಳ ಕೈ ಮಾಡಿದ್ದರಲ್ಲಿ ಮರುದಿನಕ್ಕೆ ಉಳಿದದ್ದೇ ಇರಲಿಲ್ಲ: ಅನ್ನ, ಇಸ್ತ್ರಿ, ಒರೆಸಿದ ನೆಲ. ಈ ಸುರುಳಿ ಮಾತ್ರ ನಾಳೆಯೂ ಇರುತ್ತದೆ. ಅವಳು ಪೆಟ್ಟಿಗೆಯ ಪಕ್ಕದಲ್ಲೇ ನೆಲದ ಮೇಲೆ ಕೂತುಬಿಟ್ಟಳು.

ಅಂದಿನಿಂದ ಪಾಳಿ ಮುಗಿದ ಮೇಲೆ ಎರಡು ಗಂಟೆ ಅವಳು ಆ ಮನೆಯಲ್ಲೇ ಉಳಿಯತೊಡಗಿದಳು. ಹಳೆಯ ಬಾಗಿಲು, ಹಲಗೆ, ಮುರಿದ ತಟ್ಟೆಗಳ ಮೇಲೆ ಎರಡು ತಿಂಗಳ ಅಭ್ಯಾಸ. ಆಗಸ್ಟಿನಲ್ಲಿ ಪೆಟ್ಟಿಗೆಯ ಪಕ್ಕಗಳು. ಸೆಪ್ಟೆಂಬರಿನಲ್ಲಿ ಮುಚ್ಚಳ. ಟೋರುನ್‌ಗೆ ಬಣ್ಣ ಸರಿಯಾಗಿ ಕಾಣುತ್ತಿರಲಿಲ್ಲ, ಕಿವಿಯಿಂದಲೇ ಕಲಿಸುತ್ತಿದ್ದರು. ಬ್ರಷ್ ಹಲಗೆಯ ಮೇಲೆ ಸರಿಯುವ ಸದ್ದು ಕೇಳುತ್ತ, "ನಿಂತೆ" ಎನ್ನುತ್ತಿದ್ದರು. ನೋಡಿದರೆ ನಿಜವಾಗಿಯೂ ಅಲ್ಲಿ ಗೆರೆ ಗಂಟು ಕಟ್ಟಿರುತ್ತಿತ್ತು. ಹಿಂದೆ ಅವರ ದೇಶದಲ್ಲಿ ಈ ಕೆಲಸ ಮಾಡುತ್ತಿದ್ದವರು ಕಡುಬಡವರಂತೆ. ಚಳಿಗಾಲದಲ್ಲಿ ಹಳ್ಳಿಯಿಂದ ಹಳ್ಳಿಗೆ ನಡೆದು, ಊಟ ಹಾಸಿಗೆ ಕೊಟ್ಟವರ ಮನೆಗೆ ಬಣ್ಣ ಬರೆಯುತ್ತಿದ್ದರಂತೆ. ಹೊರಗೆ ಎದೆಮಟ್ಟ ಹಿಮ. ಒಳಗೆ ಗೋಡೆ ತುಂಬ, ಯಾವ ಹೊಲದಲ್ಲೂ ಬೆಳೆಯದ ಹೂವು.

"ಹಾಗಾದರೆ ನಾನು ನನಗೆ ಗೊತ್ತಿರೋ ಹೂವು ಹಾಕಬಹುದಾ?"

"ಯಾವುದು?"

"ಅಬ್ಬಲಿಗೆ. ನಮ್ಮ ಕಡೆ ಮದುವಣಗಿತ್ತಿ ಮುಡಿಯೋದು. ಕಿತ್ತಳೆ ಬಣ್ಣ, ಇಷ್ಟೇ ಇಷ್ಟು."

"ಗೆರೆ ಓಡಿದರೆ ಸರಿ. ಹೂವು ನಿನ್ನದು," ಎಂದರು ಟೋರುನ್.

ಇಗ್ನೇಶಿಯಸ್ ಏನೂ ಕೇಳಲಿಲ್ಲ. ಅವಳ ಉಗುರಿನ ಸಂದಿಯಲ್ಲಿ ನೀಲಿ ಕಂಡಾಗ, "ಅಜ್ಜಿ ಈಗ ಪೇಂಟಿಂಗೂ ಮಾಡಿಸ್ತಾಳಾ? ಏಜೆನ್ಸಿಗೆ ಹೇಳು," ಎಂದನಷ್ಟೆ.

ಸೆಪ್ಟೆಂಬರ್ ಕೊನೆಯ ಶುಕ್ರವಾರ ಉಳಿದಿದ್ದು ಪೆಟ್ಟಿಗೆಯ ಮುಂಭಾಗ ಮಾತ್ರ. ಎಲ್ಲರ ಕಣ್ಣು ಬೀಳುವ ಕಡೆ, ಎರಡು ಮೊಳ ಉದ್ದದ ದೊಡ್ಡ ಸುರುಳಿ, ಅದರಿಂದ ಕವಲೊಡೆಯುವ ಹನ್ನೆರಡು ಸಣ್ಣವು. ದೊಡ್ಡದನ್ನು ಅವಳು ಒಂದೇ ಉಸಿರಿಗೆ ಎಳೆದಳು. ಎಳೆದು ಹಿಂದೆ ಸರಿದಾಗ, ತುದಿಯಿಂದ ಒಂದು ಹನಿ ಬಣ್ಣ ಕೆಳಗೆ ಇಳಿಯುತ್ತಿತ್ತು.

ಅವಳು ಯೋಚಿಸಲೇ ಇಲ್ಲ. ಬಲಗೈಯಲ್ಲಿ ಬ್ರಷ್ ಇತ್ತು. ಎಡಗೈ ತಾನಾಗಿ ಹೆಗಲ ಮೇಲಿನ ಬಟ್ಟೆ ಎಳೆದು ಸರಕ್ಕನೆ ಒರೆಸಿಬಿಟ್ಟಿತು. ಸೋರಿದ್ದು ಕಂಡರೆ ಒರೆಸಬೇಕು. ಆ ಕೈಗೆ ಇಡೀ ಆಯುಷ್ಯ ಗೊತ್ತಿದ್ದದ್ದು ಅದೊಂದೇ. ಆದರೆ ಅದೇ ಬಟ್ಟೆಯಲ್ಲಿ ಅವಳು ಬೆಳಿಗ್ಗೆ ಓವನ್ ಉಜ್ಜಿದ್ದಳು. ಜಿಡ್ಡು ತೆಗೆಯುವ ಔಷಧಿ ಇನ್ನೂ ಅದರಲ್ಲಿ ಹಸಿಯಾಗಿತ್ತು. ಹನಿ ಹೋಯಿತು, ಸುರುಳಿಯ ಹೊಟ್ಟೆ ಹೋಯಿತು, ಅದರ ಕೆಳಗಿನ ನೀಲಿಯೂ ಗುಳ್ಳೆ ಎದ್ದು ಬಟ್ಟೆಗೆ ಅಂಟಿಕೊಂಡು ಬಂತು. ಅಂಗೈ ಅಗಲದ ಬೋಳು ಮರ ಅವಳನ್ನೇ ನೋಡುತ್ತಿತ್ತು.

ಟೋರುನ್ ಎದ್ದು, ಗೋಡೆ ಹಿಡಿದುಕೊಂಡು ಹೋಗಿ, ಟೇಪ್ ರೆಕಾರ್ಡರ್ ಆರಿಸಿದರು. ಹಿಂದಕ್ಕೆ ಬಂದು ಬೆರಳಿನಿಂದ ಆ ಜಾಗ ಸವರಿದರು.

"ನಾನು..." ಎಂದಳು ಪರ್ಪೆಚುವಾ.

"ಗೊತ್ತು. ನನ್ನ ಕೈಯೂ ಮೊದಮೊದಲು ಹೀಗೇ ಓಡುತ್ತಿತ್ತು. ಎಡಗೈಯನ್ನು ಏಪ್ರನ್ ಜೇಬಿನೊಳಗೆ ಹಾಕಿ ಹೊಲಿದುಕೊಂಡಿದ್ದೆ." ಇನ್ನೊಮ್ಮೆ ಆ ಜಾಗ ಸವರಿ ಹೇಳಿದರು: "ತೇಪೆ ಹಾಕಿದರೆ ಕಾಣುತ್ತದೆ. ಮುಂಭಾಗ ಪೂರ್ತಿ ಉಜ್ಜಿ ಬಣ್ಣ ತೆಗೆಯಬೇಕು. ಮತ್ತೆ ತಳಬಣ್ಣ ಎರಡು ಸಲ. ಒಣಗೋಕೆ ಅಕ್ಟೋಬರ್ ಹತ್ತು ಆಗುತ್ತದೆ. ಇಪ್ಪತ್ತೆಂಟಕ್ಕೆ ಕ್ಲಬ್ಬಿನ ಟ್ರೇಲರ್ ಅಡಿಲೇಡಿಗೆ ಹೊರಡುತ್ತದೆ, ಹಿಂದೆಯೇ ನಾವಿಬ್ಬರೂ. ನಡುವೆ ಇರುವ ದಿನ ನಿನ್ನದು. ಆಗುತ್ತದಾ?"

"ಆಗುತ್ತೆ," ಎಂದಳು ಪರ್ಪೆಚುವಾ. ಯಾರನ್ನೂ ಕೇಳದೆ ಅವಳು ಯಾರಿಗೋ ಕೊಟ್ಟ ಮೊದಲ ಮಾತು ಅದು.

ಆ ಮಾತಿಗೆ ಎರಡೇ ದಿನ ಆಗಿತ್ತು. ಭಾನುವಾರ ಚರ್ಚಿನಿಂದ ಬಂದು ಅವಳು ಸಿಂಕಿನಲ್ಲಿ ಬಂಗುಡೆ ತೊಳೆಯುತ್ತಿದ್ದಳು. ಇಗ್ನೇಶಿಯಸ್ ಫೋನನ್ನು ಮಸಾಲೆ ಡಬ್ಬಿಗೆ ಒರಗಿಸಿ ಇಟ್ಟ. ಪರದೆಯ ಮೇಲೆ ಮಗಳು ಅಲಿಷಾ, ಬ್ರಿಸ್ಬೇನಿನ ಇಂಡೂರೂಪಿಲ್ಲಿಯ ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು. ಅಕ್ಟೋಬರ್ ಕೊನೆಗೆ ಹೆರಿಗೆ, ಮೊದಲನೆಯದು. ಅಳಿಯ ಕ್ಲಿಫರ್ಡ್‌ಗೆ ಯೂನಿವರ್ಸಿಟಿಯಲ್ಲಿ ಕೆಲಸ. ಎರಡೇ ವಾರ ರಜೆ.

"ಮಮ್ಮಿ, ಟಿಕೆಟ್ ನೋಡಿದ್ಯಾ? ಟೆಂತ್ ಮಾರ್ನಿಂಗ್ ಬರ್ತಿದ್ದೀಯ! ಐ ಆಮ್ ಸೋ ಹ್ಯಾಪಿ."

"ಯಾವ ಟಿಕೆಟ್?"

"ನಾನೇ ಮಾಡ್ಸಿದೆ," ಎಂದ ಇಗ್ನೇಶಿಯಸ್ ಹೆಮ್ಮೆಯಿಂದ. "ಆರು ತಿಂಗಳು ಇದ್ದು ಬಾ. ಏಜೆನ್ಸಿಗೆ ಒಂದು ಮೆಸೇಜ್ ಹಾಕಿದ್ರಾಯ್ತು."

ಪರ್ಪೆಚುವಾ ನಲ್ಲಿ ನಿಲ್ಲಿಸಿದಳು. "ಹತ್ತಕ್ಕೆ ನನಗೆ ಆಗಲ್ಲ. ಇಪ್ಪತ್ತೆಂಟರೊಳಗೆ ಪೆಟ್ಟಿಗೆ ಮುಗೀಬೇಕು. ಆಮೇಲೆ ಅಡಿಲೇಡ್."

"ಯಾವ ಪೆಟ್ಟಿಗೆ? ಅಜ್ಜೀದಾ? ಅಜ್ಜೀನೇ ಮುಗಿಸ್ಲಿ."

"ಅವರ ಕೈ ನಡುಗುತ್ತೆ."

"ಹಂಗಾದ್ರೆ ಬೇರೆ ಯಾರನ್ನಾದ್ರೂ ಕಳಿಸ್ತಾರೆ. ಊರಲ್ಲಿ ನೀನೊಬ್ಳೇ ಕೇರರ್ರಾ?"

"ಅದು ಏಜೆನ್ಸಿ ಕೆಲಸ ಅಲ್ಲ."

"ಮತ್ತೆ ಯಾರ ಕೆಲಸ?"

"ನಂದು."

ಇಗ್ನೇಶಿಯಸ್ ಫೋನಿನ ಕಡೆ ತಿರುಗಿ, 'ನೋಡು ನಿಮ್ಮಮ್ಮನ್ನ' ಎಂಬಂತೆ ಹುಬ್ಬು ಹಾರಿಸಿದ. ಅಲಿಷಾ ನಗಲಿಲ್ಲ. "ಮಮ್ಮಿ, ಸೀರಿಯಸ್ಲಿ? ಪೆಟ್ಟಿಗೆನಾ, ನಾನಾ?"

ಅಲಿಷಾ ಹುಟ್ಟಿದಾಗ ಕುವೈತಿನ ಫ್ಲಾಟಿನಲ್ಲಿ ಪರ್ಪೆಚುವಾ ಒಬ್ಬಳೇ. ತಾಯಿಗೆ ವೀಸಾ ಸಿಗಲಿಲ್ಲ, ಗಂಡ ಕ್ಯಾಂಪಿನಲ್ಲಿ. ನಾಲ್ಕನೆಯ ದಿನ, ಹೊಲಿಗೆಯ ನೋವಿನಲ್ಲಿ ಬಚ್ಚಲ ಅಂಚು ಹಿಡಿದುಕೊಂಡು ಕೂಸಿನ ಬಟ್ಟೆ ಒಗೆದಿದ್ದಳು. ಅದು ಮಗಳಿಗೆ ಬರಬಾರದು. ಹಾಗೆಂದು ಆ ಬೋಳು ಮರವನ್ನು ಹಾಗೇ ಬಿಟ್ಟು ವಿಮಾನ ಹತ್ತುವುದು ಹೇಗೆ? ಎರಡೂ ನಿಜ, ಎರಡೂ ಅವಳದೇ. ಅವಳ ಕಣ್ಣು ಅಡುಗೆಮನೆಯನ್ನೆಲ್ಲ ಸುತ್ತಿ ಊಟದ ಮೇಜಿನ ಹತ್ತಿರ ಬಂದು ನಿಂತಿತು. ಅಲ್ಲಿ ಇಗ್ನೇಶಿಯಸ್ ಖಾಲಿ ತಟ್ಟೆಯ ಮುಂದೆ ಮೀನಿಗಾಗಿ ಕಾಯುತ್ತಿದ್ದ.

"ಹತ್ತಕ್ಕೆ ಡ್ಯಾಡಿ ಬರ್ತಾರೆ," ಎಂದಳು.

"ಯಾರು? ನಾನಾ?" ಇಗ್ನೇಶಿಯಸ್ ಅರ್ಧ ಎದ್ದ. "ತಲೆ ಕೆಟ್ಟಿದ್ಯಾ ಪರ್ಪೆ? ಬಾಣಂತನ ಹೆಂಗಸರ ಕೆಲಸ ಕಣೇ."

"ಅದರಲ್ಲಿ ಹೆಂಗಸೇ ಮಾಡ್ಬೇಕಾದ ಕೆಲಸ ಒಂದೇ, ಹಾಲು ಕೊಡೋದು. ಅದನ್ನ ಅಲಿಷಾ ನೋಡ್ಕೋತಾಳೆ. ಮಿಕ್ಕಿದ್ದು ಅಡುಗೆ, ಪಾತ್ರೆ, ಬಟ್ಟೆ, ಮಗು ಅತ್ರೆ ಹೆಗಲ ಮೇಲೆ ಹಾಕ್ಕೊಂಡು ಓಡಾಡೋದು. ಮುನ್ನೂರು ಜನಕ್ಕೆ ಬೇಯಿಸ್ದೋರು ಒಬ್ಬಳಿಗೆ ಮೆಂತ್ಯ ಗಂಜಿ ಮಾಡೋಕಾಗಲ್ವಾ?"

ಫೋನಿನಿಂದ ಒಂದು ಕಿಸಕ್ಕನೆ ನಗು ಬಂತು. "ಡ್ಯಾಡ್, ಯು ಆರ್ ಹೈರ್ಡ್." ನಗು ನಿಂತ ಮೇಲೆ ಅಲಿಷಾ ಸಣ್ಣ ದನಿಯಲ್ಲಿ ಕೇಳಿದಳು: "ಬಟ್ ನೀನು ಬರ್ತೀಯ ತಾನೆ ಮಮ್ಮಿ?"

"ಅಡಿಲೇಡಿನಿಂದ ನೇರ ನಿನ್ನ ಹತ್ರ. ಪರ್ತ್‌ಗೆ ಕಾಲೂ ಇಡಲ್ಲ."

ಇಗ್ನೇಶಿಯಸ್ ಎರಡು ದಿನ ಮಾತಾಡಲಿಲ್ಲ. ಬುಧವಾರ ಗ್ಯಾರೇಜಿನಿಂದ ತನ್ನ ಕ್ಯಾಂಪಿನ ಹಳೆಯ ಚಾಕುಗಳ ಕಟ್ಟು ತಂದು, ಮೇಜಿನ ಮೇಲೆ ಬಿಚ್ಚಿ, ಒಂದೊಂದನ್ನೇ ಮಸೆಯತೊಡಗಿದ. "ಅವಳಿಗೆ ಶುಂಠಿ ಲೇಹ್ಯ ಎಷ್ಟು ದಿನ ಕೊಡ್ಬೇಕು?" ಎಂದು ಚಾಕುವನ್ನೇ ಕೇಳಿದ. ಪರ್ಪೆಚುವಾ ಉತ್ತರ ಹೇಳಿದಳು.

ಅವನು ಹೋದ ಮೇಲೆ, ಪರ್ತ್‌ಗೆ ಬಂದ ಹನ್ನೊಂದು ವರ್ಷದಲ್ಲಿ ಮೊದಲ ಸಲ, ಮನೆಯಲ್ಲಿ ಅವಳೊಬ್ಬಳೇ. ಬ್ರೆಡ್ಡು ಉಪ್ಪಿನಕಾಯಿ ತಿಂದು ದಿನ ತಳ್ಳಿದಳು. ಸಿಂಕಿನಲ್ಲಿ ಒಂದೇ ಲೋಟ. ಬೇರೆ ಪಾಳಿಗಳಿಗೆಲ್ಲ ರಜೆ ಹಾಕಿ ದಿನವೂ ಸ್ವಾನ್ ವ್ಯಾಲಿಗೆ ಹೋದಳು. ಏಪ್ರನ್ ಜೇಬಿನೊಳಗೆ ಎಡಗೈ ಹಾಕಿ ಟೋರುನ್ ಎದುರಿಗೆ ನಿಂತಾಗ, ಅವರು ತಡಕಾಡುವ ಬೆರಳುಗಳಿಂದ ತಾವೇ ಎರಡು ಟಾಕು ಹೊಲಿಗೆ ಹಾಕಿದರು. ಹೆಗಲ ಬಟ್ಟೆ ಕಾರಿನಲ್ಲೇ ಉಳಿಯಿತು.

ಬ್ರಿಸ್ಬೇನಿನಿಂದ ದಿನಕ್ಕೆ ಮೂರು ಫೋನು. "ಪರ್ಪೆ, ಗಂಜಿಗೆ ಕಾಯಿಹಾಲು ಮೊದಲಾ, ಆಮೇಲಾ?" "ಪರ್ಪೆ, ವಾಷಿಂಗ್ ಮೆಷಿನ್‌ದು ಯಾವ ಬಟನ್?" ಒಂದು ಸಂಜೆ ಅವನು ಏನೂ ಕೇಳದೆ ಸುಮ್ಮನೆ ಹೇಳಿದ: "ಎಷ್ಟು ಪಾತ್ರೆ ಮಾರಾಯ್ತಿ! ತೊಳೆದು ತಿರುಗೋದ್ರೊಳಗೆ ಮತ್ತೆ ತುಂಬಿರುತ್ತೆ. ಕ್ಯಾಂಪಲ್ಲಿ ತೊಳೆಯೋಕೆ ಬೇರೆ ಹುಡುಗರಿದ್ರು, ನನಗೆ ಗೊತ್ತೇ ಆಗಿರ್ಲಿಲ್ಲ." ಅವಳು ಹ್ಞೂಂ ಎಂದಳು. ಹೆಚ್ಚು ಹೇಳಿದರೆ ಅವನು ಅರ್ಥ ಮಾಡಿಕೊಳ್ಳುವುದನ್ನು ನಿಲ್ಲಿಸಿಬಿಡುತ್ತಾನೆ ಎಂದು ಅವಳಿಗೆ ಅನಿಸಿತು.

ಇಪ್ಪತ್ನಾಲ್ಕನೆಯ ತಾರೀಖು ಮಧ್ಯಾಹ್ನ ಅವಳು ದೊಡ್ಡ ಸುರುಳಿಯ ಮುಂದೆ ನಿಂತಳು. ಉಳಿದದ್ದೆಲ್ಲ ಮುಗಿದಿತ್ತು, ಅದೊಂದನ್ನು ಕೊನೆಗೆ ಇಟ್ಟುಕೊಂಡಿದ್ದಳು. ಕ್ಯಾಸೆಟ್ಟಿನಲ್ಲಿ ಯಾರೋ ನಕ್ಕರು, ಕುರ್ಚಿ ಎಳೆದರು, ವಾಲ್ಟ್ಸ್ ಶುರುವಾಯಿತು. ಅವಳು ಇಟ್ಟಳು, ಒತ್ತಿದಳು. ಬ್ರಷ್ಷಿನ ಕೂದಲು ಅಗಲಕ್ಕೆ ಬಿರಿದು ಎರಡು ಮೊಳದ ನೀಲಿಯನ್ನು ದಾಟುತ್ತ ಹೋಯಿತು. ಕೊನೆಯಲ್ಲಿ ಮಣಿಕಟ್ಟು ತಿರುಗಿ ಮೇಲೆದ್ದಾಗ, ತುದಿಯಿಂದ ಒಂದು ಹನಿ ಹೊರಟಿತು. ಜೇಬಿನೊಳಗೆ ಎಡಗೈ ಜಗ್ಗಿತು. ಟಾಕು ತಡೆಯಿತು. ಹನಿ ಒಂದು ಅಂಗುಲ ಇಳಿದು ತಾನಾಗಿ ನಿಂತಿತು. ಅವಳು ಉಸಿರು ಬಿಡದೆ ಅದನ್ನೇ ನೋಡಿದಳು. ಆಮೇಲೆ ಸಣ್ಣ ಬ್ರಷ್ ತೆಗೆದು ಅದರ ತುದಿಗೆ ಐದು ದಳದ ಒಂದು ಅಬ್ಬಲಿಗೆ ಕೂರಿಸಿದಳು.

"ನಿಲ್ಲಲಿಲ್ಲ ನೀನು," ಎಂದರು ಟೋರುನ್, ಕಣ್ಣು ಮುಚ್ಚಿಕೊಂಡೇ.

ಕಾರಿಗೆ ಬಂದು ಫೋನ್ ನೋಡಿದರೆ ಹದಿನೇಳು ಮಿಸ್ಡ್ ಕಾಲ್. ತಿರುಗಿ ಮಾಡಿದಳು. ಹೆಣ್ಣುಮಗು. ಇಗ್ನೇಶಿಯಸ್ ಅಳುತ್ತಿದ್ದ. "ಇಷ್ಟೇ ಇಷ್ಟಿದೆ ಪರ್ಪೆ. ನಾನೇ ಮೊದಲು ಬಟ್ಟೆ ಬದಲಾಯಿಸ್ದೆ. ನಮ್ಮ ಅಲಿಷಾನ ನಾನು ಇಷ್ಟು ಚಿಕ್ಕೋಳಿದ್ದಾಗ ನೋಡ್ಲೇ ಇಲ್ಲ ಅಲ್ವಾ?" ಆಸ್ಟ್ರೇಲಿಯಾದ ಆ ತುದಿಯಿಂದ ಈ ತುದಿಗೆ ಕೂಸಿನ ದನಿ ಕೇಳಿಸಿತು. ಅವಳು ದ್ರಾಕ್ಷಿ ತೋಟದ ಬೇಲಿಯ ಪಕ್ಕ ನಿಲ್ಲಿಸಿದ್ದ ಕಾರಿನಲ್ಲೇ ಕೂತು, ಬಣ್ಣದ ಕೈಯಲ್ಲೇ ಕಣ್ಣೊರೆಸಿಕೊಂಡಳು.

ಪೆಟ್ಟಿಗೆ ಟ್ರೇಲರಿನಲ್ಲಿ ಮೂರು ದಿನ ರಸ್ತೆಯ ಮೇಲೆ ಹೋಯಿತು. ಟೋರುನ್, ಪರ್ಪೆಚುವಾ ವಿಮಾನದಲ್ಲಿ ಹೋದರು.

ಅಡಿಲೇಡಿನ ಹಾಲಿನಲ್ಲಿ ಇನ್ನೂರು ಜನ. ಮುಕ್ಕಾಲು ಪಾಲು ಎಪ್ಪತ್ತು ದಾಟಿದವರು: ಊರುಗೋಲು, ಕಿವಿಯಲ್ಲಿ ಯಂತ್ರ, ಬದಲಾಯಿಸಿದ ಮಂಡಿ. ವೇದಿಕೆಯ ಮೇಲೆ ನಾಲ್ಕು ಅಕಾರ್ಡಿಯನ್, ಎರಡು ಪಿಟೀಲು. ವಾದ್ಯ ಶುರುವಾದದ್ದೇ ತಡ, ಆ ಊರುಗೋಲುಗಳೆಲ್ಲ ಗೋಡೆಗೆ ಒರಗಿದ್ದು ಕಂಡು ಪರ್ಪೆಚುವಾ ಬಾಯಿ ಬಿಟ್ಟುಕೊಂಡು ನೋಡಿದಳು. ಕುರ್ಚಿಯಿಂದ ಏಳಲು ಒದ್ದಾಡುತ್ತಿದ್ದ ಅದೇ ಜನ, ಜೋಡಿ ಜೋಡಿಯಾಗಿ, ಅಲೆಯ ಮೇಲಿನ ದೋಣಿಗಳ ಹಾಗೆ ಇಡೀ ನೆಲವನ್ನು ಸುತ್ತುತ್ತಿದ್ದರು. ಗಂಡಸರು ಕಡಿಮೆ, ಹೆಂಗಸರು ಹೆಂಗಸರ ಸೊಂಟ ಹಿಡಿದಿದ್ದರು.

ಪೆಟ್ಟಿಗೆಯ ಮುಂದೆ ಜನ ಕರಗಲೇ ಇಲ್ಲ. ಬೆಳ್ಳಿ ಪದಕದ ಉಡುಪು ತೊಟ್ಟ ಒಬ್ಬ ಮುದುಕಿ ಮಂಡಿಯೂರಿ, ದೊಡ್ಡ ಸುರುಳಿಯನ್ನು ಗಾಳಿಯಲ್ಲೇ ಬೆರಳಿನಿಂದ ಹಿಂಬಾಲಿಸಿ, ಅಬ್ಬಲಿಗೆಯ ಹತ್ತಿರ ನಿಂತಳು. ಅವರ ದೇಶದಲ್ಲಿ ಒಂದೊಂದು ಕಣಿವೆಯ ಬಳ್ಳಿಗೂ ಒಂದೊಂದು ಬಾಗು. ಬಲ್ಲವರು ಗೆರೆ ನೋಡಿಯೇ ಊರು ಹೇಳುತ್ತಾರಂತೆ. ಆಕೆ ತಲೆ ಎತ್ತಿ ಕೇಳಿದಳು: "ಬರೆದವರು ನೀವಾ? ನಿಮ್ಮದು ಯಾವ ಕಣಿವೆ?"

ಪರ್ಪೆಚುವಾ ತಡವರಿಸಿದಳು. "ಕಿನ್ನಿಗೋಳಿ."

ಆಕೆ ಆ ಹೆಸರನ್ನು ಬಾಯೊಳಗೆ ಹೊರಳಿಸಿದಳು. ನಗಲಿಲ್ಲ, ಎಲ್ಲಿದೆ ಎಂದೂ ಕೇಳಲಿಲ್ಲ. "ಅಲ್ಲಿಯವರ ಕೈ ನಾನು ನೋಡಿರಲಿಲ್ಲ," ಎಂದು ಗೌರವದಿಂದ ಹೇಳಿ, ಇನ್ನೊಂದು ಸಲ ನೋಡಲು ಬಗ್ಗಿದಳು.

ಟೋರುನ್ ಗಾಲಿಯ ನಡಿಗೆಕೋಲು ಹಿಡಿದುಕೊಂಡು ಬಂದರು. ವಾಲ್ಟ್ಸ್ ಮುಗಿದು ಬೇರೇನೋ ಶುರುವಾಗಿತ್ತು, ನಿಧಾನದ, ಕುಪ್ಪಳಿಸುವಂಥ ಮಟ್ಟು. "ರೈನ್‌ಲೆಂಡರ್," ಎಂದರು. "ಬಾ."

"ಆಂಟಿ, ನನಗೆ ವಾಲ್ಟ್ಸ್ ಮಾತ್ರ ಬರೋದು. ಅದೂ ನನ್ನ ಮದುವೇಲಿ ಒಂದು ಸಲ. ಆಮೇಲೆ ಯಾವ ಮದುವೆಗೆ ಹೋದ್ರೂ ನಾನು ಅಡುಗೆ ಮನೇಲೇ."

"ನಿನ್ನನ್ನು ಬರುತ್ತದಾ ಅಂತ ಕೇಳಿದೆನಾ?"

ಅವರು ನಡಿಗೆಕೋಲನ್ನು ಪಕ್ಕಕ್ಕೆ ತಳ್ಳಿದರು. ಪರ್ಪೆಚುವಾ ಅಭ್ಯಾಸದಂತೆ ಕಂಕುಳ ಕೆಳಗೆ ಕೈ ಕೊಟ್ಟಳು. ಈ ಮೈ ಅವಳಿಗೆ ಗೊತ್ತು. ಎರಡು ವರ್ಷದಿಂದ ವಾರಕ್ಕೆ ಎರಡು ಸಲ ಬೆತ್ತಲೆ ನೋಡಿದ್ದಾಳೆ. ಎಲ್ಲಿ ಎಲುಬು, ಎಲ್ಲಿ ನೋವು, ಎಲ್ಲಿ ಮುಟ್ಟಿದರೆ ಹೆದರುತ್ತದೆ, ಎಲ್ಲ ಗೊತ್ತು. ಸ್ನಾನದ ಮನೆಯಲ್ಲಿ ಹಕ್ಕಿಯ ಹಾಗೆ ಅವಳ ತೋಳಿಗೆ ಅಂಟಿಕೊಳ್ಳುವ ಮೈ.

ಆ ಮೈ ಅವಳ ಕೈಯನ್ನು ಬಿಡಿಸಿ, ಬೇರೆ ಕಡೆ ಇಟ್ಟಿತು. ಒಂದು ಅಂಗೈ ಅವಳ ಬೆನ್ನಿನ ಮಧ್ಯಕ್ಕೆ ಬಂದು ನಿಂತಿತು. ಬಿಗಿಯಾಗಿ, ನಡುಕವಿಲ್ಲದೆ. ಮರುಕ್ಷಣ ಪರ್ಪೆಚುವಾ ಹಿಂದಕ್ಕೆ ಹೋಗುತ್ತಿದ್ದಳು, ಪಕ್ಕಕ್ಕೆ, ಒಂದು ಪುಟ್ಟ ನೆಗೆತ, ತಿರುವು. ಯಾವ ಹೆಜ್ಜೆ ಮುಂದಿದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಿರಬೇಕಾಗಿಯೂ ಇರಲಿಲ್ಲ. ಎಂಬತ್ತಾರರ ಆ ಕೈ ಅವಳನ್ನು ಜನರ ನಡುವಿನಿಂದ, ವೇದಿಕೆಯ ಮುಂದಿನಿಂದ, ಪೆಟ್ಟಿಗೆಯನ್ನು ದಾಟಿಸಿ ಒಯ್ಯುತ್ತಿತ್ತು. ಎಲ್ಲರನ್ನೂ ಎತ್ತಿ ಕೂರಿಸಿ ನಡೆಸಿದ ಪರ್ಪೆಚುವಾಳನ್ನು, ಅವಳಿಗೆ ನೆನಪಿರುವಂತೆ, ಯಾರೂ ಹೀಗೆ ಒಯ್ದಿರಲಿಲ್ಲ.

"ನನ್ನ ಕಾಲು ನೋಡಬೇಡ," ಎಂದರು ಟೋರುನ್. "ಮುಂದೆ ನೋಡು."

ಅವಳು ಮುಂದೆ ನೋಡಿದಳು.